ಕಾಡಂಚಿನ ಊರಿನ ಕತ್ತಲೆಯನ್ನು ಉಳಿಸಿಕೊಳ್ಳಲು ಹಾನ್ಲೆಯಿಂದ ಮಲೆನಾಡು ಏನನ್ನು ಕಲಿಯಬಹುದು?

ಪ್ರಶ್ನೆ (ಕಳಸ ಸೀಮೆಯ ಕೃಷಿಕ)

ಎಲ್ಲರಿಗೂ ನಮಸ್ಕಾರ. ನಮ್ಮೂರು ಚಿಕ್ಕಮಗಳೂರು ಜಿಲ್ಲೆಯ ಕಳಸದ ಕಡೆಯದು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ನಮ್ಮ ತೋಟಗಳ ಬೆನ್ನಿಗೇ ಇದೆ. ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಅಂಗಳದಲ್ಲಿ ನಿಂತರೆ ಆಕಾಶಗಂಗೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡದವರೆಗೆ ಹರಡಿಕೊಂಡದ್ದು ಈಗಲೂ ಕಾಣುತ್ತದೆ. ಆದರೆ ಕೆಲವು ವರ್ಷಗಳಿಂದ ದಿಗಂತದ ಅಂಚಿನಲ್ಲಿ ಬೆಳ್ಳನೆಯ ಮಂಕೊಂದು ಮೇಲೇರುತ್ತಾ ಬರುತ್ತಿದೆ. ಗುಡ್ಡದ ನೆತ್ತಿಯ ಮೇಲೆ ಎದ್ದಿರುವ ಹೋಂಸ್ಟೇಗಳಲ್ಲಿ ಮರಗಳ ಬುಡದಲ್ಲಿ ಫೋಕಸ್ ಲೈಟ್ ಇಟ್ಟು ಮೇಲಕ್ಕೆ ಬೆಳಕು ಬಿಡುತ್ತಾರೆ. ಅತಿಥಿಗಳು ಮಲಗಿದ ಮೇಲೂ ಆ ದೀಪಗಳು ಬೆಳಗಿನವರೆಗೆ ಉರಿಯುತ್ತಲೇ ಇರುತ್ತವೆ.

ಈಗ ಬಸ್ ನಿಲ್ದಾಣದ ಹತ್ತಿರ ಹೈಮಾಸ್ಟ್ ದೀಪವೊಂದನ್ನು ನಿಲ್ಲಿಸುವ ಮಾತು ಗ್ರಾಮ ಪಂಚಾಯಿತಿಯಲ್ಲಿ ನಡೆದಿದೆ. ಊರಿಗೆ ದೀಪ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಇಪ್ಪತ್ತು ಮೂವತ್ತು ಮನೆಗಳಿರುವ, ಮೂರು ದಿಕ್ಕಿನಲ್ಲೂ ಕಾಡಿರುವ ಜಾಗಕ್ಕೆ ಪೇಟೆಯ ವೃತ್ತಕ್ಕೆ ಹಾಕುವ ದೀಪವನ್ನೇ ತಂದು ನಿಲ್ಲಿಸಿದರೆ ಇರುಳು ಎಂಬುದೇ ಇಲ್ಲದಂತಾಗುತ್ತದೆ ಎಂಬ ಆತಂಕ ನನ್ನದು. ಲಡಾಖಿನ ಹಾನ್ಲೆಯಲ್ಲಿ ಕತ್ತಲೆಯ ಆಕಾಶಕ್ಕೇ ಮೀಸಲಾದ ಪ್ರದೇಶವನ್ನು ಘೋಷಿಸಿದ್ದಾರೆಂದು ಓದಿದ್ದೇನೆ. ಅಲ್ಲಿ ನಿಜವಾಗಿ ಏನು ಮಾಡಿದರು, ಅದರಲ್ಲಿ ಯಾವುದು ನಮ್ಮಂಥ ಊರಿಗೆ ಹೊಂದುತ್ತದೆ, ಗ್ರಾಮಸಭೆಯಲ್ಲಿ ಏನನ್ನು ಕೇಳಿದರೆ ಜನ ಒಪ್ಪಿಯಾರು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ 1 (ಬೆಂಗಳೂರಿನ ಹವ್ಯಾಸಿ ಆಕಾಶವೀಕ್ಷಕ)

ಹಾನ್ಲೆಯ ಬಗ್ಗೆ ತುಸು ವಿವರವಾಗಿಯೇ ಬರೆಯುತ್ತೇನೆ. ಊರಿನ ದೀಪಗಳನ್ನೆಲ್ಲ ಆರಿಸಿ ಕತ್ತಲೆ ಉಳಿಸಿದರು ಎಂದು ಹಲವರು ತಿಳಿದಿದ್ದಾರೆ. ಅಲ್ಲಿ ನಡೆದ ಕೆಲಸ ಅದಲ್ಲ.

ಚಾಂಗ್‌ಥಾಂಗ್ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಗೋಳ ವೀಕ್ಷಣಾಲಯವಿದೆ. ಅದನ್ನು ನಡೆಸುತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. 2000ನೇ ಇಸವಿಯಲ್ಲಿ ಅಲ್ಲಿ ಕೆಲಸ ಆರಂಭಿಸಿದ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ವಿಜ್ಞಾನಿಗಳು ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2024ರಲ್ಲಿ ಅಲ್ಲಿಯೇ 21 ಮೀಟರ್ ವ್ಯಾಸದ ‘ಮೇಸ್’ ಗಾಮಾ ಕಿರಣ ದೂರದರ್ಶಕವೂ ಉದ್ಘಾಟನೆಯಾಯಿತು. ಗಾಮಾ ಕಿರಣಗಳು ವಾತಾವರಣಕ್ಕೆ ಬಡಿದಾಗ ಕ್ಷಣದ ಕೋಟ್ಯಂಶಗಳಷ್ಟೇ ಕಾಲ ಮಿನುಗಿ ಮಾಯವಾಗುವ ನೀಲಿ ಹೊಳಪನ್ನು ಅದು ಹಿಡಿಯಬೇಕು. ಅಂಥ ಉಪಕರಣಗಳಿರುವ ಕಣಿವೆಯಲ್ಲಿ ದಾರಿ ತಪ್ಪಿದ ಒಂದೊಂದು ದೀಪವೂ ಲೆಕ್ಕಕ್ಕೆ ಬರುತ್ತದೆ.

2022ರ ಜೂನ್‌ನಲ್ಲಿ ಲಡಾಖ್ ಆಡಳಿತ, ಲೇಹ್‌ನ ಸ್ವಾಯತ್ತ ಗುಡ್ಡಗಾಡು ಅಭಿವೃದ್ಧಿ ಮಂಡಳಿ ಮತ್ತು ಖಗೋಳ ಭೌತವಿಜ್ಞಾನ ಸಂಸ್ಥೆ ಒಪ್ಪಂದ ಮಾಡಿಕೊಂಡವು. ಅದೇ ವರ್ಷದ ಡಿಸೆಂಬರ್‌ನಲ್ಲಿ ವೀಕ್ಷಣಾಲಯದ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲಾಕಾಶ ಸಂರಕ್ಷಿತ ಪ್ರದೇಶವೆಂದು ಅಧಿಸೂಚಿಸಲಾಯಿತು. ಆ ಪ್ರದೇಶದೊಳಗೆ ಬೋಕ್, ಖುಲ್ಡೊ, ಪುಂಗುಕ್ ಮುಂತಾದ ಜನವಸತಿಗಳಿವೆ. ಅವುಗಳನ್ನು ಎಬ್ಬಿಸಲಿಲ್ಲ, ವಿದ್ಯುತ್ತನ್ನು ನಿರಾಕರಿಸಲಿಲ್ಲ. ಹೊರಗಿನ ದೀಪಗಳಿಗೆ ಮರೆ ಕಟ್ಟಿ ಬೆಳಕನ್ನು ನೆಲಕ್ಕೆ ತಿರುಗಿಸುವುದು, ಬಿಳಿ ದೀಪದ ಬದಲು ಹಳದಿಯ ಕಡೆಗೆ ವಾಲುವ ದೀಪ ಬಳಸುವುದು, ರಾತ್ರಿ ಓಡಾಡುವ ವಾಹನಗಳ ಹೆಡ್‌ಲೈಟ್ ತಗ್ಗಿಸುವುದು, ಕಿಟಕಿಗಳಿಗೆ ದಪ್ಪ ಪರದೆ ಹಾಕುವುದು ಇಂಥ ಕ್ರಮಗಳನ್ನೇ ಜಾರಿಗೆ ತರಲಾಯಿತು.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಹೆಜ್ಜೆ. ಆ ಹಳ್ಳಿಗಳ ಯುವಕ ಯುವತಿಯರನ್ನು ಆರಿಸಿ, ತರಬೇತಿ ಕೊಟ್ಟು, ಕೈಗೆ ದೂರದರ್ಶಕ ಕೊಟ್ಟು, ಅವರನ್ನು ‘ಖಗೋಳ ರಾಯಭಾರಿ’ಗಳೆಂದು ಕರೆದರು. ದಿನವೆಲ್ಲ ಕುರಿ ಕಾಯುವ, ಹೊಲ ನೋಡಿಕೊಳ್ಳುವ, ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವ ಜನ ರಾತ್ರಿ ಬಂದವರಿಗೆ ಶನಿಯ ಬಳೆಯನ್ನೂ ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿಯನ್ನೂ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ನಾನು ಹೋಗಿದ್ದಾಗ ನಮಗೆ ಆಕಾಶ ತೋರಿಸಿದ ಹೆಣ್ಣುಮಗಳು, ನಮ್ಮ ಗುಂಪಿನವರೊಬ್ಬರು ಮೊಬೈಲ್ ಟಾರ್ಚ್ ಹಾಕಿದ ಕೂಡಲೇ ಅದರ ಮೇಲೆ ಅಂಗೈ ಮುಚ್ಚಿ, ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಈಗ ಎಲ್ಲರೂ ಮೊದಲಿನಿಂದ ಕಾಯಬೇಕು ಎಂದು ಮೃದುವಾಗಿ ತಿಳಿಹೇಳಿದರು. ಬಳಿಕ ಕೆಂಪು ಕಾಗದ ಸುತ್ತಿದ ಪುಟ್ಟ ಟಾರ್ಚೊಂದನ್ನು ನಮ್ಮ ಕೈಗೆ ಕೊಟ್ಟರು. ಅಲ್ಲಿ ಕತ್ತಲೆ ಉಳಿದಿರುವುದಕ್ಕೆ ಸರ್ಕಾರಿ ಆದೇಶವಷ್ಟೇ ಕಾರಣವಲ್ಲ. ಊರಿನವರಿಗೆ ಅದು ತಮ್ಮ ಆಸ್ತಿಯಾಗಿ ಕಂಡಿದೆ.

ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶದ ಮಾದರಿ ನಿಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ಕಾಡು. ಅಮೆರಿಕದಲ್ಲಿ 1988ರಲ್ಲಿ ಹುಟ್ಟಿದ, ಈಗ ‘ಡಾರ್ಕ್‌ಸ್ಕೈ ಇಂಟರ್‌ನ್ಯಾಷನಲ್’ ಎಂಬ ಹೆಸರಿರುವ ಸಂಸ್ಥೆಯಿಂದ 2024ರ ಜನವರಿಯಲ್ಲಿ ಮಾನ್ಯತೆ ಪಡೆದ ಪೆಂಚ್, ಭಾರತದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಎನಿಸಿಕೊಂಡಿತು. ಅದಕ್ಕಾಗಿ ಕಾಡಂಚಿನ ಹಳ್ಳಿಗಳ ನೂರಕ್ಕೂ ಹೆಚ್ಚು ಬೀದಿದೀಪಗಳನ್ನು ತೆಗೆದು ಕೆಳಮುಖವಾಗಿ ಬೆಳಗುವ ದೀಪಗಳನ್ನು ಹಾಕಿದರು.

ಮಾಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಕಾವಲೂರಿನ ವೀಕ್ಷಣಾಲಯ ಇದೆ. ತಮಿಳುನಾಡಿನ ಜವಾದಿ ಬೆಟ್ಟಗಳ ನಡುವೆ 1960ರ ದಶಕದಲ್ಲಿ ಆ ಜಾಗವನ್ನು ಆರಿಸಿದ್ದಕ್ಕೆ ಅಲ್ಲಿನ ಕಪ್ಪು ಆಕಾಶವೂ ಒಂದು ಕಾರಣ, 1986ರಲ್ಲಿ 2.34 ಮೀಟರ್ ವ್ಯಾಸದ ದೂರದರ್ಶಕವೂ ಅಲ್ಲಿ ಬಂತು. ಆದರೆ ತಪ್ಪಲಿನ ಪಟ್ಟಣಗಳು ಬೆಳೆದಂತೆ ಅವುಗಳ ದೀಪಗಳ ಹೊಳಪು ಬೆಟ್ಟವನ್ನೂ ಮುಟ್ಟಿದೆ. ಬೆಳಕಿಗೆ ಪಂಚಾಯಿತಿಯ ಗಡಿಯಾಗಲಿ ಕಾಡಿನ ಬೇಲಿಯಾಗಲಿ ಇಲ್ಲ.

ನನ್ನ ಸಲಹೆ ಇಷ್ಟು: ಈಗಲೇ ಮಾನ್ಯತೆಯ ಪತ್ರದ ಬೆನ್ನು ಹತ್ತಬೇಡಿ. ಮಲೆನಾಡಿನಲ್ಲಿ ವರ್ಷದ ಅರ್ಧ ಭಾಗ ಮೋಡ ಮುಸುಕಿರುತ್ತದೆ. ಹಾನ್ಲೆಯಂಥ ಶೀತಲ ಮರುಭೂಮಿಯ ಜೊತೆ ನಕ್ಷತ್ರಗಳ ಪೈಪೋಟಿಗೆ ಇಳಿದರೆ ನಿಮ್ಮ ವಾದ ದುರ್ಬಲವಾಗುತ್ತದೆ. ನಿಮ್ಮ ಕತ್ತಲೆಯ ಮೊದಲ ಹಕ್ಕುದಾರರು ಕಾಡಿನ ಜೀವಿಗಳು ಎಂಬಲ್ಲಿಂದ ಮಾತು ಆರಂಭಿಸಿ.

ಉತ್ತರ 2 (ತೀರ್ಥಹಳ್ಳಿ ಕಡೆಯ ಶಿಕ್ಷಕಿ)

ಮೇಲಿನ ಮಾತುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಗ್ರಾಮಸಭೆಯಲ್ಲಿ ನೀವು ಎದುರಿಸಬೇಕಾದ ಪ್ರಶ್ನೆ ಬೇರೆಯೇ ಇದೆ. ಅದನ್ನು ಈಗಲೇ ಹೇಳುವುದು ಒಳ್ಳೆಯದು. ಸಂಜೆ ಕೊನೆಯ ಬಸ್ಸಿಗೆ ಇಳಿದು, ತೋಟದ ನಡುವಿನ ದಾರಿಯಲ್ಲಿ ಒಬ್ಬಳೇ ಮನೆಗೆ ನಡೆಯುವವಳು ನಾನು. ಹಾವಿನ ಭಯವಿದೆ, ಈಚೆಗೆ ಆನೆಯ ಭಯವೂ ಇದೆ, ಮನುಷ್ಯರ ಭಯವಂತೂ ಇದ್ದೇ ಇದೆ. ಸ್ವಂತ ವಾಹನದಲ್ಲಿ ಅಂಗಳದವರೆಗೆ ಬಂದಿಳಿಯುವವರು ಕತ್ತಲೆಯ ಸೊಬಗಿನ ಮಾತನ್ನಾಡಿದರೆ, ನಡೆದು ಹೋಗುವ ಹೆಣ್ಣುಮಕ್ಕಳಿಗೆ, ಕೂಲಿ ಮುಗಿಸಿ ಲೈನ್ ಮನೆಗೆ ಮರಳುವವರಿಗೆ ಅದು ನೋವಿನ ಮಾತಾಗುತ್ತದೆ.

ಹಾಗೆಂದು ನಾನು ಹೈಮಾಸ್ಟ್ ಪರವಾಗಿಯೂ ಇಲ್ಲ. ನಮ್ಮ ದಾರಿಯ ತಿರುವಿನಲ್ಲಿರುವ ಮನೆಯೊಂದರ ಗೇಟಿನ ಮೇಲೆ ರಸ್ತೆಗೆ ಮುಖ ಮಾಡಿದ ಪ್ರಖರವಾದ ಫೋಕಸ್ ಲೈಟ್ ಹಾಕಿದ್ದಾರೆ. ಅದರ ಎದುರಿಗೆ ಬರುವಾಗ ಕಣ್ಣು ಕುಕ್ಕುತ್ತದೆ. ದಾಟಿ ಹತ್ತು ಹೆಜ್ಜೆ ಹೋದ ಮೇಲೆ ಕಾಲ ಕೆಳಗಿನ ಕಲ್ಲಿನ ಮೆಟ್ಟಿಲೂ ಕಾಣುವುದಿಲ್ಲ. ಬೆಳಕಿನ ಹಿಂದಿನ ನೆರಳಿನಲ್ಲಿ ಯಾರಾದರೂ ನಿಂತಿದ್ದರೆ ನನಗೆ ಗೊತ್ತಾಗುವಂತಿಲ್ಲ, ನಾನು ಮಾತ್ರ ಅವರಿಗೆ ಸ್ಪಷ್ಟವಾಗಿ ಕಾಣುತ್ತೇನೆ. ಅದಕ್ಕಿಂತ ಮೊದಲು ಅಲ್ಲಿದ್ದ ಸಣ್ಣ ಹಳದಿ ಬಲ್ಬೇ ದಾರಿ ತೋರಿಸುವುದರಲ್ಲಿ ಮೇಲಾಗಿತ್ತು.

ಆದ್ದರಿಂದ ನೀವು ಸಭೆಯಲ್ಲಿ ದೀಪ ಬೇಡವೆಂಬಲ್ಲಿಂದ ಆರಂಭಿಸಬೇಡಿ. ಬಸ್ ನಿಲ್ದಾಣಕ್ಕೆ ಒಂದು, ಕಾಲುಸಂಕಕ್ಕೆ ಒಂದು, ಅಂಗನವಾಡಿಯ ತಿರುವಿಗೆ ಒಂದು ಎಂದು ನಡೆಯುವವರಿಗೆ ಎಲ್ಲೆಲ್ಲಿ ಬೆಳಕು ಬೇಕೋ ಅದನ್ನು ಹೆಂಗಸರನ್ನೇ ಕೇಳಿ ಗುರುತಿಸಿ. ಒಂದು ಎತ್ತರದ ಕಂಬಕ್ಕಿಂತ ಅಂಥ ನಾಲ್ಕೈದು ತಗ್ಗಿನ ದೀಪಗಳು ನಮಗೆ ಹೆಚ್ಚು ಉಪಕಾರಿ. ಹೈಮಾಸ್ಟ್ ಇರುವುದು ನಿಲ್ದಾಣದಲ್ಲಿ. ನನ್ನ ಭಯ ಇರುವುದು ನಿಲ್ದಾಣ ದಾಟಿದ ಮೇಲೆ.

ಉತ್ತರ 3 (ನಿವೃತ್ತ ವಿದ್ಯುತ್ ಎಂಜಿನಿಯರ್, ಶಿವಮೊಗ್ಗ)

ಶಿಕ್ಷಕಿಯವರು ಕಣ್ಣಾರೆ ಕಂಡು ಬರೆದಿರುವುದು ತಾಂತ್ರಿಕವಾಗಿಯೂ ಸರಿ. ಪ್ರಖರವಾದ ದೀಪವೊಂದು ನೇರವಾಗಿ ಕಣ್ಣಿಗೆ ಬಿದ್ದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ, ಸುತ್ತಲಿನ ಮಂದ ಭಾಗಗಳು ಇನ್ನಷ್ಟು ಕಪ್ಪಾಗಿ ಕಾಣುತ್ತವೆ. ದೀಪದ ಬುರುಡೆ ಕಣ್ಣಿಗೆ ಕಾಣಬಾರದು, ಬೆಳಗಿದ ನೆಲ ಮಾತ್ರ ಕಾಣಬೇಕು ಎಂಬುದು ಒಳ್ಳೆಯ ಬೀದಿದೀಪದ ಸರಳ ಪರೀಕ್ಷೆ.

ಹೈಮಾಸ್ಟ್ ಎಂಬುದು ದೊಡ್ಡ ವೃತ್ತ, ಲಾರಿ ತಂಗುದಾಣ, ಆಟದ ಮೈದಾನಗಳಿಗೆಂದು ಮಾಡಿದ ವ್ಯವಸ್ಥೆ. ಎತ್ತರದ ಕಂಬದ ತುದಿಯ ಬಳೆಗೆ ಹಲವು ಫ್ಲಡ್‌ಲೈಟುಗಳನ್ನು ಕಟ್ಟಿ, ದೂರಕ್ಕೆ ಬೆಳಕು ಹೋಗಲೆಂದು ಅವುಗಳ ಮುಖವನ್ನು ಹೊರಕ್ಕೆ ಎತ್ತುತ್ತಾರೆ. ಆಕಾಶಕ್ಕೆ ಅತ್ಯಂತ ಹಾನಿ ಮಾಡುವುದು ಹೀಗೆ ದಿಗಂತಕ್ಕಿಂತ ಸ್ವಲ್ಪ ಮೇಲಕ್ಕೆ ಅಡ್ಡಡ್ಡಲಾಗಿ ಹೊರಡುವ ಬೆಳಕು. ನೇರ ಮೇಲಕ್ಕೆ ಹೋದ ಬೆಳಕು ವಾತಾವರಣವನ್ನು ಬೇಗ ದಾಟಿ ಹೊರಟುಹೋಗುತ್ತದೆ. ಅಡ್ಡಲಾಗಿ ಹೋದದ್ದು ಹತ್ತಾರು ಕಿಲೋಮೀಟರ್ ದಟ್ಟ ಗಾಳಿಯಲ್ಲಿ ಚದುರುತ್ತಲೇ ಸಾಗುತ್ತದೆ. ಗುಡ್ಡದ ನೆತ್ತಿಯ ಒಂದು ಕೆಟ್ಟ ದೀಪ ಕಣಿವೆಯ ಹತ್ತು ದೀಪಗಳಿಗಿಂತ ಹೆಚ್ಚು ಹಾಳು ಮಾಡಬಲ್ಲುದು.

ಇನ್ನು ಬಣ್ಣದ ವಿಷಯ. ನಮ್ಮಲ್ಲಿ ಪಂಚಾಯಿತಿಗಳು ಕೊಳ್ಳುವ ಎಲ್‌ಇಡಿ ದೀಪಗಳು ಬಹುಪಾಲು 5,700ರಿಂದ 6,500 ಕೆಲ್ವಿನ್ ಬಿಳಿಯವು (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅದು ಹೆಚ್ಚಿದಷ್ಟೂ ಬೆಳಕು ನೀಲಿಯ ಕಡೆಗೆ ವಾಲುತ್ತದೆ). ಅವುಗಳ ಬೆಳಕಿನಲ್ಲಿ ನೀಲಿಯ ಪಾಲು ದೊಡ್ಡದು. ಗಾಳಿಯ ಕಣಗಳು ನೀಲಿಯನ್ನು ಹಳದಿಗಿಂತ ಬಹಳ ಹೆಚ್ಚು ಚದುರಿಸುತ್ತವೆ: 450 ನ್ಯಾನೋಮೀಟರ್ ತರಂಗಾಂತರದ ನೀಲಿ, 600 ನ್ಯಾನೋಮೀಟರ್‌ನ ಕಿತ್ತಳೆಗಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿರುವುದಕ್ಕೆ ಯಾವುದು ಕಾರಣವೋ ರಾತ್ರಿಯ ಆಕಾಶ ಬೆಳ್ಳಗಾಗುವುದಕ್ಕೂ ಅದೇ ಕಾರಣ. ಆದ್ದರಿಂದ 3,000 ಕೆಲ್ವಿನ್ ದಾಟಬಾರದು. ಕಾಡಂಚಿಗೆ 2,200 ಕೆಲ್ವಿನ್ ಸಿಕ್ಕರೆ ಇನ್ನೂ ಉತ್ತಮ. ಹಳೆಯ ಸೋಡಿಯಂ ದೀಪದ ಬಣ್ಣ ನೆನಪಿರುವವರಿಗೆ ಇದು ಹೊಸತೆನಿಸದು. ಟೆಂಡರಿನಲ್ಲಿ ವ್ಯಾಟ್ ಮಾತ್ರ ಬರೆದು ಕೆಲ್ವಿನ್ ಬರೆಯದಿದ್ದರೆ ಗುತ್ತಿಗೆದಾರರು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಚ್ಚಬಿಳಿಯನ್ನೇ ತಂದು ಹಾಕುತ್ತಾರೆ. ನಾನು ಸೇವೆಯಲ್ಲಿದ್ದಷ್ಟು ಕಾಲ ಇದನ್ನು ನೋಡಿದ್ದೇನೆ.

ಎಲ್‌ಇಡಿ ಬಂದ ಮೇಲೆ ವಿದ್ಯುತ್ ಉಳಿಯಿತು ನಿಜ, ಆದರೆ ಉಳಿದ ಹಣದಲ್ಲಿ ನಾವು ಮತ್ತಷ್ಟು ದೀಪ ಹಾಕಿದೆವು. 2011ರಿಂದ 2022ರವರೆಗೆ ಜಗತ್ತಿನಾದ್ಯಂತ ಜನಸಾಮಾನ್ಯರು ಬರಿಗಣ್ಣಿನಿಂದ ನಕ್ಷತ್ರಗಳನ್ನು ಗುರುತಿಸಿ ಕಳಿಸಿದ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಏರುತ್ತಿದೆಯೆಂಬುದು ಅದರ ಲೆಕ್ಕ. ಉಪಗ್ರಹಗಳು ಇಷ್ಟು ಏರಿಕೆಯನ್ನು ತೋರಿಸಿರಲಿಲ್ಲ. ರಾತ್ರಿಯ ಬೆಳಕನ್ನು ಅಳೆಯುವ ಮುಖ್ಯ ಉಪಗ್ರಹ ಸಂವೇದಕಕ್ಕೆ 500 ನ್ಯಾನೋಮೀಟರ್‌ಗಿಂತ ಕಡಿಮೆಯ ನೀಲಿ ಕಾಣುವುದೇ ಇಲ್ಲ, ಬಿಳಿ ಎಲ್‌ಇಡಿ ದೀಪದ ಬೆಳಕಿನಲ್ಲಿ ಅದರ ಪಾಲು ದೊಡ್ಡದು. ಹಾಗಾಗಿ ಉಪಗ್ರಹದ ನಕ್ಷೆಯಲ್ಲಿ ನಿಮ್ಮೂರು ಕಪ್ಪಾಗಿದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ಅದನ್ನು ಪೂರ್ತಿ ನಂಬಬೇಡಿ.

ಟೈಮರ್ ಮರೆಯಬೇಡಿ. ಕೊನೆಯ ಬಸ್ಸು ಬಂದು ಒಂದು ಗಂಟೆಯ ನಂತರ ಬೆಳಕು ತಾನಾಗಿ ತಗ್ಗುವಂತೆ ಮಾಡುವುದು ಕಷ್ಟದ ಕೆಲಸವೂ ಅಲ್ಲ, ದುಬಾರಿಯೂ ಅಲ್ಲ.

ಉತ್ತರ 4 (ಹೊನ್ನಾವರದ ಕಡಲತಡಿಯಿಂದ)

ನಮ್ಮ ಕರಾವಳಿಯಲ್ಲಿ ಬೆಳಕಿನ ಹಾನಿ ಕಣ್ಣಿಗೆ ಹೊಡೆಯುವಂತೆ ಕಾಣುವುದು ಕಡಲಾಮೆಗಳಲ್ಲಿ. ಚಳಿಗಾಲದಿಂದ ಬೇಸಿಗೆಯವರೆಗೆ ಆಲಿವ್ ರಿಡ್ಲಿ ಆಮೆಗಳು ಇಲ್ಲಿ ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಸುಮಾರು 45ರಿಂದ 60 ದಿನಗಳ ಮೇಲೆ ಮರಿಗಳು ಹೆಚ್ಚಾಗಿ ರಾತ್ರಿಯಲ್ಲಿ ಹೊರಬರುತ್ತವೆ. ಹೊರಬಂದ ಮರಿ ಅತ್ಯಂತ ಬೆಳಕಾಗಿರುವ ದಿಕ್ಕಿಗೆ ತೆವಳುತ್ತದೆ. ದೀಪಗಳಿಲ್ಲದ ಕಾಲದಲ್ಲಿ ಆ ದಿಕ್ಕು ಸಮುದ್ರವೇ ಆಗಿರುತ್ತಿತ್ತು. ಈಗ ಹಿಂಬದಿಯಲ್ಲಿ ರಸ್ತೆಯ ದೀಪವೋ ರೆಸಾರ್ಟಿನ ದೀಪವೋ ಇದ್ದರೆ ಮರಿಗಳು ಅತ್ತ ತಿರುಗುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಜೀವ ಒಣಮರಳಿನಲ್ಲಿ ಹೀಗೆ ತಪ್ಪು ದಿಕ್ಕಿಗೆ ಒಂದಷ್ಟು ದೂರ ಹೋದರೆ ನೀರಿನಂಶ ಕಳೆದುಕೊಂಡು ಸಾಯುತ್ತದೆ, ಇಲ್ಲವೇ ನಾಯಿ ಕಾಗೆಗಳ ಪಾಲಾಗುತ್ತದೆ. ಬೆಳಗ್ಗೆ ಮರಳಿನ ಮೇಲೆ ಗೂಡಿನಿಂದ ರಸ್ತೆಯ ಕಡೆಗೆ ಬೀಸಣಿಗೆಯಂತೆ ಹರಡಿದ ಸಾಲು ಗುರುತುಗಳನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗೂಡುಗಳನ್ನು ಕಾಯುವ ಮೀನುಗಾರರು ಇಲ್ಲಿದ್ದಾರೆ, ಅರಣ್ಯ ಇಲಾಖೆಯೂ ಬೇಲಿ ಕಟ್ಟಿ ರಕ್ಷಿಸುತ್ತದೆ, ಆದರೆ ಬೆಳಕನ್ನು ಬೇಲಿ ತಡೆಯುವುದಿಲ್ಲ.

ನಿಮ್ಮ ಕಡೆಗೆ ಇದಕ್ಕೆ ಸಮನಾದದ್ದು ಮಿಣುಕುಹುಳ. ಮುಂಗಾರಿಗೆ ಮೊದಲು, ಮೇ ಜೂನ್ ಹೊತ್ತಿಗೆ ಘಟ್ಟದ ಕಾಡುಗಳಲ್ಲಿ ಮರಗಟ್ಟಲೆ ಹುಳಗಳು ಒಂದೇ ತಾಳದಲ್ಲಿ ಮಿನುಗುವುದನ್ನು ನೀವು ನೋಡಿಯೇ ಇರುತ್ತೀರಿ. ಗಂಡು ಹೆಣ್ಣು ಒಂದನ್ನೊಂದು ಗುರುತಿಸುವುದು ಆ ಮಿನುಗಿನಿಂದ. ಪಕ್ಕದಲ್ಲಿ ಬಿಳಿಯ ದೀಪ ಉರಿಯುತ್ತಿದ್ದರೆ ಆ ಸಂಕೇತ ಕಾಣದು, ಜೋಡಿ ಕೂಡದು, ಮರುವರ್ಷಕ್ಕೆ ಸಂತತಿ ಇಳಿಯುತ್ತದೆ. ಆದ್ದರಿಂದ ವರ್ಷವಿಡೀ ಒಪ್ಪದವರನ್ನೂ ಈ ಕೆಲವು ವಾರಗಳ ಮಟ್ಟಿಗಾದರೂ ತೋಟದ ಅಂಚಿನ ದೀಪಗಳನ್ನು ಆರಿಸಲು ಒಪ್ಪಿಸಿ. ಹೋಂಸ್ಟೇ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಮಿಣುಕುಹುಳ ನೋಡಲೆಂದೇ ಬರುವ ಅತಿಥಿಗಳು ಈಗ ಇದ್ದಾರೆ.

ಉತ್ತರ 5 (ಮೈಸೂರಿನ ವಕೀಲ)

ಕಾನೂನಿನ ವಿಷಯ ಸಂಕ್ಷಿಪ್ತವಾಗಿ. ನಮ್ಮಲ್ಲಿ ಬೆಳಕಿನ ಮಾಲಿನ್ಯಕ್ಕೆಂದೇ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆ ಮಾಲಿನ್ಯಕಾರಕವೆಂದರೆ ಘನ, ದ್ರವ ಅಥವಾ ಅನಿಲ ರೂಪದ ಪದಾರ್ಥ ಎಂದು ಹೇಳುತ್ತದೆ. ಬೆಳಕು ಆ ಮೂರರಲ್ಲಿ ಯಾವುದೂ ಅಲ್ಲ. ಸ್ಪೇನ್ 1988ರಲ್ಲೇ ಲಾ ಪಾಲ್ಮಾ ದ್ವೀಪದ ವೀಕ್ಷಣಾಲಯಗಳ ಆಕಾಶವನ್ನು ಕಾಯಲು ಕಾಯ್ದೆ ಮಾಡಿತು, ಫ್ರಾನ್ಸ್ 2018ರಲ್ಲಿ ಹೊರಾಂಗಣ ದೀಪಗಳ ಬಣ್ಣಕ್ಕೂ ಮೇಲ್ಮುಖ ಬೆಳಕಿಗೂ ಮಿತಿ ಹಾಕಿತು. ನಾವು ಅಲ್ಲಿಗೆ ಇನ್ನೂ ತಲುಪಿಲ್ಲ.

ಆದರೆ ರಾತ್ರಿಯನ್ನು ವನ್ಯಜೀವಿಗಳಿಗೆ ಬಿಟ್ಟುಕೊಡುವ ಕ್ರಮ ಕರ್ನಾಟಕಕ್ಕೆ ಹೊಸದಲ್ಲ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ನಿಮ್ಮ ಮನವಿಯಲ್ಲಿ ಅದನ್ನು ಉಲ್ಲೇಖಿಸಿ. ಬೀದಿದೀಪ ಗ್ರಾಮ ಪಂಚಾಯಿತಿಯ ಹೊಣೆಯಾಗಿರುವುದರಿಂದ ದೀಪದ ಬಗೆ, ಬಣ್ಣ, ಉರಿಯುವ ಹೊತ್ತು ಇವನ್ನು ಗ್ರಾಮಸಭೆಯ ನಿರ್ಣಯವಾಗಿ ನಡವಳಿ ಪುಸ್ತಕದಲ್ಲಿ ಬರೆಯಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮುಂದಿನ ಆಡಳಿತ ಬಂದ ಮೇಲೆ ಉಳಿಯುವುದಿಲ್ಲ. ನಿರ್ಣಯದ ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಗೂ ಕೊಡಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಶಿಕ್ಷಕಿಯವರು ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ನನ್ನ ಹೆಂಡತಿಯೂ ಅತ್ತಿಗೆಯೂ ಸ್ತ್ರೀಶಕ್ತಿ ಸಂಘದವರ ಜೊತೆ ಸೇರಿ ದೀಪ ಬೇಕಾದ ಜಾಗಗಳ ಪಟ್ಟಿ ಮಾಡಲು ಮುಂದೆ ಬಂದಿದ್ದಾರೆ. ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು, ಹೈಮಾಸ್ಟ್ ಬದಲು ಮರೆಯಿರುವ ಹಳದಿ ದೀಪಗಳನ್ನೂ ಟೈಮರನ್ನೂ ಕೇಳುತ್ತೇವೆ. ಎರಡು ಹೋಂಸ್ಟೇಗಳವರು ಮರಗಳಿಗೆ ಬಿಡುವ ದೀಪಗಳನ್ನು ಮೇ ತಿಂಗಳಿಂದಲಾದರೂ ಆರಿಸುವುದಾಗಿ ಹೇಳಿದ್ದಾರೆ.

ಎಂಜಿನಿಯರರಲ್ಲಿ ಒಂದು ಪ್ರಶ್ನೆ. ಈಗಾಗಲೇ ಇರುವ ಏಳೆಂಟು ಬಿಳಿ ಎಲ್‌ಇಡಿ ಬೀದಿದೀಪಗಳನ್ನು ಕಿತ್ತುಹಾಕಲು ಪಂಚಾಯಿತಿ ಒಪ್ಪುವುದಿಲ್ಲ. ಅವನ್ನು ಉಳಿಸಿಕೊಂಡೇ ಏನಾದರೂ ಮಾಡಬಹುದೇ?

ಉತ್ತರ 6 (ನಿವೃತ್ತ ವಿದ್ಯುತ್ ಎಂಜಿನಿಯರ್, ಶಿವಮೊಗ್ಗ)

ಖಂಡಿತ ಮಾಡಬಹುದು. ಮೊದಲು ದೀಪದ ತೋಳನ್ನು ನೋಡಿ. ಹೆಚ್ಚಿನ ಕಡೆ ಅದನ್ನು ಮೇಲಕ್ಕೆ ವಾಲಿಸಿ ಕಟ್ಟಿರುತ್ತಾರೆ. ಬೋಲ್ಟ್ ಸಡಿಲಿಸಿ ದೀಪದ ಮುಖ ನೆಲಕ್ಕೆ ಸಮಾನಾಂತರವಾಗುವಂತೆ ಇಳಿಸಿದರೆ ಅರ್ಧ ತೊಂದರೆ ಖರ್ಚಿಲ್ಲದೆ ನಿವಾರಣೆಯಾಗುತ್ತದೆ. ಕಾಡಿನ ಕಡೆಗೆ ಚೆಲ್ಲುವ ಬೆಳಕಿಗೆ ಪಕ್ಕದಲ್ಲಿ ತಗಡಿನ ಮರೆ ಕಟ್ಟಿಸಿ, ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಸಿ. ಆದರೆ ದೀಪದ ಬೆನ್ನಿನ ಅಲ್ಯೂಮಿನಿಯಂ ಏಣುಗಳನ್ನು ಮುಚ್ಚಬೇಡಿ. ಬಿಸಿ ಹೊರಹೋಗುವುದು ಅಲ್ಲಿಂದಲೇ, ಮುಚ್ಚಿದರೆ ದೀಪ ಬೇಗ ಕೆಡುತ್ತದೆ. ಈ ಕೆಲಸವನ್ನು ಲೈನ್‌ಮನ್‌ ಮೂಲಕವೇ, ವಿದ್ಯುತ್ ಕಡಿತಗೊಳಿಸಿದ ಮೇಲೆಯೇ ಮಾಡಿಸಿ. ಊರಿನ ಹುಡುಗರನ್ನು ಕಂಬ ಹತ್ತಿಸಬೇಡಿ. ಆ ದೀಪಗಳು ಕೆಟ್ಟಾಗ ಬದಲಿಗೆ 2,700 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯವನ್ನೇ ಹಾಕಬೇಕೆಂಬ ಸಾಲನ್ನೂ ನಿರ್ಣಯದಲ್ಲಿ ಸೇರಿಸಿ.